ಪಿಕಪ್ಪಿನ ಮೂತಿ ಯಾವ ಕಡೆಗೆ?

ಹಬ್ಬಕ್ಕೆ ಮೊದಲಿನ ಭಾನುವಾರ ನಮ್ಮ ತಾರಸಿಯ ಮೇಲೆ ಗಂಡಸೊಬ್ಬ ಕುಕ್ಕರುಗಾಲಲ್ಲಿ ಕೂತು ರಂಗೋಲಿ ಬಿಡುತ್ತಿದ್ದ. ಪಂಚೆ ಮೊಣಕಾಲಿನ ಮೇಲೆ, ಮೊಬೈಲು ತೊಡೆಯ ಮೇಲೆ, ಬಿಳಿ ಪುಡಿ ಮೀಸೆಯ ಮೇಲೆ. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ರತ್ನಮ್ಮ ಕೈಯಲ್ಲಿದ್ದ ಒದ್ದೆ ಸೀರೆಯನ್ನೂ ಮರೆತು ನಿಂತು ನೋಡಿದರು.

"ಏನಣ್ಣ ಅದು? ಎಮ್ಮೆನಾ?"

ಎಮ್ಮೆಯಲ್ಲ, ಪಿಕಪ್ ಗಾಡಿ. ಆ ಗಂಡಸು ನಾನೇ ಎಂದು ಬೇರೆ ಹೇಳಬೇಕೆ?

ವಿಷಯ ಇಷ್ಟು. ಆಯುಧಪೂಜೆಯ ದಿನ ನಮ್ಮ ಬೀದಿಯಲ್ಲಿ (ದೊಡ್ಡಬಳ್ಳಾಪುರದ ಬೇರೆ ಬೀದಿಗಳ ಕಥೆ ನನಗೆ ಗೊತ್ತಿಲ್ಲ) ಮನೆಯಲ್ಲಿ ಯಾವ ಗಾಡಿ ಇದೆಯೋ ಅದನ್ನೇ ಅಂಗಳದಲ್ಲಿ ರಂಗೋಲಿ ಬಿಡುತ್ತಾರೆ. ಬೈಕಿದ್ದವರು ಬೈಕು, ಟ್ರ್ಯಾಕ್ಟರ್ ಇದ್ದವರು ಟ್ರ್ಯಾಕ್ಟರ್. ಮಗ್ಗದ ಮನೆಯವರಂತೂ ಮಗ್ಗವನ್ನೇ ಬಿಟ್ಟುಬಿಡುತ್ತಾರೆ. ಅದು ಹೇಗೆ ಅಂತ ದೇವರಿಗೇ ಗೊತ್ತು.

ನಮ್ಮ ಮನೆಯಲ್ಲಿ ಈ ಖಾತೆ ಅಮ್ಮನದು. ನನ್ನ ಹಳೇ ಸ್ಕೂಟರನ್ನು ವರ್ಷಾವರ್ಷ ಎಷ್ಟು ಚೆನ್ನಾಗಿ ಬಿಡುತ್ತಿದ್ದಳೆಂದರೆ, ಅಸಲಿ ಸ್ಕೂಟರಿಗಿಂತ ರಂಗೋಲಿ ಸ್ಕೂಟರಿಗೇ ಪಿಕಪ್ ಜಾಸ್ತಿ ಎಂದು ಬೀದಿಯವರೆಲ್ಲ ನನ್ನನ್ನು ರೇಗಿಸುತ್ತಿದ್ದರು.

ಈ ವರ್ಷ ಅಮ್ಮ ಸ್ಟ್ರೈಕ್.

ಯಾಕೆಂದರೆ ಈ ವರ್ಷದ ಗಾಡಿ ನನ್ನದಲ್ಲ. ನನ್ನ ಹೆಂಡತಿ ಸವಿತಾಳದು. ಪಿಕಪ್. ಅವಳೇ ಓಡಿಸುತ್ತಾಳೆ. ಬೆಳಿಗ್ಗೆ ದೊಡ್ಡಬೆಳವಂಗಲದ ಕಡೆಯ ತೋಟಗಳಿಂದ ಹೂವು, ತರಕಾರಿ ತುಂಬಿಕೊಂಡು ಮಾರ್ಕೆಟ್ಟಿಗೆ. ಮಧ್ಯಾಹ್ನ ಯಾರದ್ದಾದರೂ ಮನೆ ಶಿಫ್ಟಿಂಗು, ಇಲ್ಲವೇ ಶಾಮಿಯಾನದವರ ಕುರ್ಚಿ. ನಾನು ನೆಲಮಂಗಲದ ಗೋಡೌನಿನ ಆಫೀಸಿಗೆ ಬಸ್ಸಿನಲ್ಲಿ ನಿಂತು ಹೋಗುತ್ತೇನೆ, ಅವಳು ಕೆಲಸಕ್ಕೆ ಕೂತು ಹೋಗುತ್ತಾಳೆ. ಹೊಟ್ಟೆಕಿಚ್ಚೇನೂ ಇಲ್ಲ. (ಸ್ವಲ್ಪ ಇದೆ.)

ಅಮ್ಮನಿಗೆ ಮಾತ್ರ ಇದು ಗಂಟಲಲ್ಲಿ ಇಳಿದಿರಲಿಲ್ಲ. ಜಗಳವಾಡಲಿಲ್ಲ, ಬೇಡ ಎಂದು ಬಾಯಿಬಿಟ್ಟು ಹೇಳಲೂ ಇಲ್ಲ. ಆದರೆ ಗಾಡಿ ಬಂದಾಗಿನಿಂದ ಒಂದು ಸಲವೂ ಅದನ್ನು ಹತ್ತಲಿಲ್ಲ. ಸೊಸೆ ಅದೇ ದಾರಿಯಲ್ಲಿ ಹೊರಟಿದ್ದರೂ ಈಕೆ ಆಟೋ ಹಿಡಿಯುತ್ತಿದ್ದಳು.

ಸವಿತಾ ಯಾರ ಮಾತಿಗೂ ಕೇರ್ ಮಾಡುವವಳಲ್ಲ. ಮಾರ್ಕೆಟ್ಟಿನಲ್ಲಿ ಲಾರಿಯವನು ಅಡ್ಡ ಬಂದರೆ ಗಾಜು ಇಳಿಸಿ ಸರಿಯಾಗಿ ಮಂಗಳಾರತಿ ಎತ್ತುತ್ತಾಳೆ. ಆದರೆ ಅತ್ತೆಗೆಂದು ಆಟೋ ಬಂದು ಗೇಟಿನ ಮುಂದೆ ನಿಂತಾಗ ಅವಳ ಮುಖ ಸಣ್ಣಗಾಗುತ್ತಿತ್ತು. ನೋಡಿ ನನಗೂ ಸಂಕಟವಾಗುತ್ತಿತ್ತು. ಯಾರ ಪಕ್ಷ ವಹಿಸುವುದು, ಹೇಳಿ? ಒಂದು ಕಡೆ ಹೆತ್ತವಳು, ಇನ್ನೊಂದು ಕಡೆ ಕಟ್ಟಿಕೊಂಡವಳು.

ಹಬ್ಬ ಹತ್ತಿರ ಬಂದಾಗ ಅವಳೇ ಕೇಳಿಬಿಟ್ಟಳು. "ಅತ್ತೆ, ಪೂಜೆ ಆದ್ಮೇಲೆ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ ಒಂದು ರೌಂಡ್ ಹೋಗ್ತೀವಲ್ಲ, ಆವಾಗ ನನ್ ಪಕ್ಕ ನೀವು ಕೂತ್ಕೊಳ್ಳಿ. ಅಷ್ಟೇ ಸಾಕು ನಂಗೆ."

"ನೋಡಾನ ಬಿಡಮ್ಮ" ಎಂದಳು ಅಮ್ಮ. ನಮ್ಮ ಮನೆಯಲ್ಲಿ 'ನೋಡಾನ' ಎಂದರೆ 'ಇಲ್ಲ' ಎಂದೇ ಅರ್ಥ.

"ಹೋಗ್ಲಿ, ರಂಗೋಲಿನಾದ್ರೂ ಬಿಡ್ತೀರಾ?"

"ಆ ಪಿಕಪ್ಪು ಗಿಕಪ್ಪು ಎಲ್ಲ ನಂಗೆ ಬರಲ್ಲ ಕಣಮ್ಮ."

ಮಗ್ಗ ಬಿಡುವವರಿಗೇ ಪಕ್ಕದಲ್ಲಿ ನಿಂತು ಸಲಹೆ ಕೊಡುವಾಕೆಗೆ ಪಿಕಪ್ ಬರುವುದಿಲ್ಲವಂತೆ! ಸವಿತಾ ಅಡುಗೆಮನೆಗೆ ಹೋದಳು. ನನಗೆ ತಡೆಯಲಾಗಲಿಲ್ಲ. "ನಾನು ಬಿಡ್ತೀನಿ" ಎಂದುಬಿಟ್ಟೆ. ಅಲ್ಲಿಯವರೆಗೆ ನಾನು ಒಂದು ಚುಕ್ಕಿಯನ್ನೂ ನೆಟ್ಟಗೆ ಇಟ್ಟವನಲ್ಲ.

ಮೊಬೈಲಿನಲ್ಲಿ ಹುಡುಕಿದೆ. ಪಿಕಪ್ ಬರೆಯುವುದು ಹೇಗೆಂದು ಹೇಳಿಕೊಡಲು ಇಡೀ ಪ್ರಪಂಚವೇ ಕಾದು ಕೂತಿದೆ, ಗೊತ್ತಾ? ಮೊದಲು ಉದ್ದನೆಯದೊಂದು ಡಬ್ಬ, ಅದರ ಮೇಲೊಂದು ಗಿಡ್ಡ ಡಬ್ಬ, ಕೆಳಗೆ ಎರಡು ಸೊನ್ನೆ. ಇಷ್ಟೇನಾ ಅನ್ನಿಸಿತು. ಪೇಪರಿನ ಮೇಲೆ ಬರೆದು ಸವಿತಾಳಿಗೆ ತೋರಿಸಿದೆ.

"ಇದ್ಯಾವ ಗಾಡಿ ರೀ? ಮೂತಿ ಇಷ್ಟುದ್ದ ಇದೆ. ಹಿಂದುಗಡೆ ನಾಕು ಮೂಟೆ ಇಡಕ್ಕೂ ಜಾಗ ಇಲ್ಲ!"

ನಿಜ. ವಿಡಿಯೋದಲ್ಲಿದ್ದದ್ದು ಅಮೆರಿಕದ ಪಿಕಪ್. ಅದರ ಹಿಂಭಾಗ ಫಳಫಳ ಹೊಳೆಯುತ್ತಾ ಖಾಲಿ ಇತ್ತು. ನಮ್ಮ ಪಿಕಪ್ಪಿನಲ್ಲಿ ಮುಂದೆ ಇಬ್ಬರು ಕೂತರೆ, ಹಿಂದೆ ಬೀಗರೂಟಕ್ಕೆ ಹೊರಟ ಅರ್ಧ ಊರು ಇರುತ್ತದೆ.

ಸರಿ, ಮೊಬೈಲು ಜೇಬಿಗೆ ಹಾಕಿ, ರಸ್ತೆ ಪಕ್ಕ ನಿಲ್ಲಿಸಿದ್ದ ನಮ್ಮದೇ ಗಾಡಿಯ ಎದುರು ಕೂತೆ. ಬರೆಯಬೇಕೆಂದರೆ ನೋಡಬೇಕಲ್ಲ? ಆಗ ಗೊತ್ತಾಯಿತು, ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಹತ್ತುವ ಮೆಟ್ಟಿಲು ಎಷ್ಟು ಎತ್ತರ! ಡ್ರೈವರ್ ಸೀಟಿನ ಮೇಲೆ ನಮ್ಮ ಮನೆಯದೇ ಹಳೇ ದಿಂಬು. ಕನ್ನಡಿಯ ಪಕ್ಕ ಸಿಕ್ಕಿಸಿದ ಸೇವಂತಿಗೆ, ಬಾಗಿಲ ಸಂದಿಯಲ್ಲಿ ಮಡಿಸಿಟ್ಟ ಒದ್ದೆ ಟವೆಲ್ಲು. ಅಲ್ಲಿ ಅವಳ ಇಡೀ ದಿನ ಇತ್ತು. ಇಷ್ಟು ದಿನ ಅವಳು ಕೂತು ಹೋಗುತ್ತಾಳೆ ಎಂದುಕೊಂಡಿದ್ದೆನಲ್ಲ, ಪೆದ್ದು ನಾನು.

ಕೈಯಲ್ಲಿ ಪುಡಿ ನಿಲ್ಲಿಸುವುದು ಇನ್ನೊಂದು ಸಾಹಸ. ಒಮ್ಮೆ ಬೀಳುವುದೇ ಇಲ್ಲ, ಒಮ್ಮೆ ಮುದ್ದೆಯಾಗಿ ಬೀಳುತ್ತದೆ. ಆ ಎಮ್ಮೆ ಹುಟ್ಟಿದ್ದು ಹಾಗೆ.

ಹಬ್ಬದ ಬೆಳಿಗ್ಗೆ ಸವಿತಾ ಗೇಟಿನಾಚೆ ಪೈಪು ಹಿಡಿದು ಗಾಡಿ ತೊಳೆಯುತ್ತಿದ್ದಳು. ನಾನು ಅಂಗಳ ಸಾರಿಸಿ ಕೂತೆ. ನಮ್ಮ ಅಂಗಳ ಬಾಗಿಲಿನಿಂದ ಗೇಟಿನವರೆಗೆ ಉದ್ದಕ್ಕಿದೆ, ಅಗಲ ಕಮ್ಮಿ. ಹಾಗಾಗಿ ಪಿಕಪ್ಪನ್ನೂ ಉದ್ದಕ್ಕೇ ಬಿಟ್ಟೆ. ಹಿಂಭಾಗ ಬಾಗಿಲ ಕಡೆ, ಮೂತಿ ಗೇಟಿನ ಕಡೆ. ಎದ್ದು ನಿಂತು ನೋಡಿದೆ. ಪರವಾಗಿಲ್ಲ, ಗಾಡಿಯ ಹಾಗೇ ಇತ್ತು.

ಹೊಸ್ತಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಅಮ್ಮ ಕೂಗಿಕೊಂಡಳು.

"ಲೋ! ಮೂತಿ ಯಾವ ಕಡೆಗೆ ಬಿಟ್ಟಿದೀಯೋ?"

"ಗೇಟ್ ಕಡೆಗೆ. ಯಾಕಮ್ಮ?"

"ವರಮಹಾಲಕ್ಷ್ಮಿ ಹಬ್ಬಕ್ಕೆ ಲಕ್ಷ್ಮಿ ಪಾದ ಯಾವ ಕಡೆಗೆ ಬಿಡ್ತೀವಿ?"

"ಒಳಗಡೆಗೆ."

"ಮತ್ತೆ? ಹಬ್ಬದ ದಿನ ಮನೆ ಲಕ್ಷ್ಮೀನ ಬೀದಿಗೆ ಕಳಿಸ್ತಿದೀಯಲ್ಲೋ! ಅಳಿಸು ಮೊದ್ಲು!"

ಅಳಿಸುವುದೇ? ಅಷ್ಟೂ ದಿನದ ತಪಸ್ಸನ್ನು? ಈ ಕಾನೂನನ್ನು ಯಾವ ವಿಡಿಯೋದವನೂ ಹೇಳಿರಲಿಲ್ಲ. ಹಬ್ಬದ ದಿನ ರಂಪ ಬೇಡವೆಂದು ನಾನು ಒರೆಸುವ ಬಟ್ಟೆ ಹುಡುಕತೊಡಗಿದೆ. ಗೇಟಿನಿಂದ ಸವಿತಾಳ ಮಾತು ಕೇಳಿಸಿತು. ದನಿ ಜೋರಾಗೇನೂ ಇರಲಿಲ್ಲ.

"ಹೊರಗೆ ಹೋದ್ರೇ ಅಲ್ವಾ ಅತ್ತೆ, ಏನಾದ್ರೂ ಒಳಗೆ ಬರೋದು?"

ಅಮ್ಮ ಕಾಫಿ ಲೋಟ ಕಟ್ಟೆಯ ಮೇಲಿಟ್ಟಳು. ತುರುಬು ಬಿಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ರಂಗೋಲಿಯ ಮುಂದೆ ಕೂತಳು. ಮುಗಿಯಿತು ನನ್ನ ಪಿಕಪ್ ಕಥೆ ಎಂದುಕೊಂಡೆ.

"ಇದೇನೋ ಇದು, ಚಕ್ರನಾ ಒಬ್ಬಟ್ಟಾ?" ಎನ್ನುತ್ತಾ ಚಕ್ರ ಅಳಿಸಿ ದುಂಡಗೆ ಬಿಟ್ಟಳು. ಬಾಗಿದ್ದ ಗೆರೆ ನೆಟ್ಟಗಾಯಿತು. ಹಿಂದುಗಡೆ ಹಳದಿ ಪುಡಿಯಲ್ಲಿ ರಾಶಿ ಸೇವಂತಿಗೆ ಬಂತು. ಮೂತಿಯನ್ನು ಮಾತ್ರ ಮುಟ್ಟಲಿಲ್ಲ. ಅದು ಗೇಟಿನ ಕಡೆಗೇ ಇತ್ತು. ಆಮೇಲೆ ಕಿಟಕಿಯೊಳಗೆ ಒಂದು ದುಂಡನೆ ಮುಖ ಬಿಟ್ಟು, ಜಡೆ ಇಳಿಸಿ, ಕುಂಕುಮದ ಬೊಟ್ಟಿಟ್ಟಳು. ಮತ್ತೆ ಬಿಳಿ ಪುಡಿಗೆ ಕೈ ಹಾಕಿದಳು. ಪಕ್ಕದಲ್ಲಿ ಇನ್ನೊಂದು ಮುಖ ಬಂತು, ತುರುಬಿನದು.

"ಇದ್ಯಾರಮ್ಮ?" ಎಂದೆ. ಕೇಳಬಾರದಿತ್ತು, ಆದರೂ ಕೇಳಿದೆ.

"ಮುಂದೆ ಎರಡು ಸೀಟ್ ಇಲ್ವೇನೋ? ಖಾಲಿ ಬಿಡಕ್ಕಾಗುತ್ತಾ?"

ಸವಿತಾ ಗಾಡಿಯ ಕಡೆ ತಿರುಗಿಕೊಂಡು, ಆಗಲೇ ತೊಳೆದಿದ್ದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಪೈಪಿನ ನೀರು ಚರಂಡಿ ಸೇರುತ್ತಿತ್ತು. ನಾನು ಹೋಗಿ ನಲ್ಲಿ ನಿಲ್ಲಿಸಿ ಬಂದೆ. ನನಗೂ ಕಣ್ಣು ಮಂಜಾಗಿತ್ತು. (ರಂಗೋಲಿ ಪುಡಿ ಬಿದ್ದಿರಬೇಕು ಎಂದುಕೊಳ್ಳಿ.)

ಪೂಜೆಯಾಯಿತು, ಕುಂಬಳಕಾಯಿ ಒಡೆದದ್ದಾಯಿತು. ಸವಿತಾ ಕೈ ಹಿಡಿದು ಹತ್ತಿಸಿದಳು, ಅಮ್ಮ ಉಸ್ಸೆಂದು ಮುಂದಿನ ಸೀಟಿನಲ್ಲಿ ಕೂತಳು. ನನಗೆ ಹಿಂದೆ, ಬಾಳೆಕಂದು ಹಿಡಿದುಕೊಂಡು ನಿಲ್ಲುವ ಡ್ಯೂಟಿ. ನಿಂಬೆಹಣ್ಣು ಚಪ್ಪಟೆಯಾಯಿತು, ಗಾಡಿ ಹೊರಟಿತು.

ಬೀದಿಯ ತಿರುವಿನಲ್ಲಿ ರತ್ನಮ್ಮ ಕೈ ಅಡ್ಡ ಹಿಡಿದರು. "ಏನ್ ಗೌರಕ್ಕಾ, ಎಲ್ಲಿಗೆ ಹೊರಟ್ರಿ?"

ಅಮ್ಮ ಕಿಟಕಿಯ ಮೇಲೆ ಮೊಣಕೈ ಊರಿದಳು. "ನಂಗೇನ್ ಗೊತ್ತಮ್ಮಾ? ಡ್ರೈವರ್‌ನ ಕೇಳು!"

ಈಗ ನೀವೇ ಹೇಳಿ, ಮನೆಯ ಲಕ್ಷ್ಮಿ ಯಾವ ಕಡೆಗೆ ಮುಖ ಮಾಡಿರಬೇಕು?