ಖಾಲಿ ಬಿಟ್ಟ ಎಸಳು

ಕಂದಿಕೆರೆಯ ಮಂಗಳಾ ಸಿಟ್ಟಿನ ಹೆಂಗಸು ಎಂದು ಈಗ ಊರೆಲ್ಲ ಆಡಿಕೊಳ್ಳುತ್ತದೆ. ಹೋದ ವರ್ಷದವರೆಗೆ ಯಾರೂ ಹಾಗೆ ಅಂದಿರಲಿಲ್ಲ. ಸಿಟ್ಟು ಬರಿಸಿದವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಅವಳ ಕೆಲಸ ಕೊಬ್ಬರಿ ಬಟ್ಟಲಿನ ಮೇಲೆ ಹೂ ಕೆತ್ತುವುದು. ಮದುವೆಯಲ್ಲಿ ಹೆಣ್ಣಿನ ಮಡಿಲಿಗೆ ಅಕ್ಕಿಯ ಜೊತೆ ಹಾಕುವ ಬಟ್ಟಲು ಅದು. ಕಂದು ಸಿಪ್ಪೆಯನ್ನು ಸಣ್ಣ ಚಾಕುವಿನ ತುದಿಯಿಂದ ಹೆರೆದರೆ ಒಳಗಿನ ಬಿಳುಪು ಹೂವಾಗಿ ಕಾಣುತ್ತದೆ. ಕೆತ್ತುವ ಮೊದಲು ಮಂಗಳಾ ಹೆಣ್ಣಿನ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬರುತ್ತಿದ್ದಳು. ಹಿತ್ತಿಲಲ್ಲಿ ದಾಸವಾಳವಿದ್ದರೆ ಬಟ್ಟಲಲ್ಲೂ ದಾಸವಾಳ, ಹುಚ್ಚೆಳ್ಳಿನ ಹೊಲವಿದ್ದರೆ ಹುಚ್ಚೆಳ್ಳಿನ ಹೂವು. ಯಾವ ಹೂವಾದರೂ ಒಂದು ಎಸಳನ್ನು ಕೆತ್ತದೆ ಬಿಡುತ್ತಿದ್ದಳು. ಅದು ಹೆಣ್ಣಿನ ತಾಯಿಯದು. ಮಡಿಲು ತುಂಬುವ ಮುಂಚೆ ತಾಯಿ ತನ್ನ ಕೈಯಾರೆ ಆ ಎಸಳನ್ನು ಕೆತ್ತಬೇಕು. ಬೇರೆಯವರು ಮುಟ್ಟುವಂತಿಲ್ಲ.

ಇದನ್ನೆಲ್ಲ ಕಲಿಸಿದವಳು ಅತ್ತೆ ಗಂಗಕ್ಕ. ಮಂಗಳಾಳ ಮದುವೆಯ ಹೊತ್ತಿಗೆ ಅವಳ ತಾಯಿ ತೀರಿಹೋಗಿದ್ದಳು. ಎಸಳು ಕೆತ್ತುವವರು ಯಾರು ಎಂದು ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಗಂಗಕ್ಕ ಚಾಕು ತೆಗೆದುಕೊಂಡು, "ಇವತ್ತಿಂದ ನಾನೇ ಇವಳ ಅವ್ವ ಕಣ್ರಮ್ಮ," ಎಂದು ಕೆತ್ತಿಬಿಟ್ಟಳು. ಸಾಯುವ ತನಕ ಆ ಮಾತಿಗೆ ತಪ್ಪಲಿಲ್ಲ.

ಎರಡು ವರ್ಷದ ಹಿಂದೆ ಸಿದ್ದಾರ್ಥ್ ಎಂಬವನು ಬಂದ. ಮದುವೆ ಸಾಮಾನು ಮಾರುವ 'ತವರುಬಟ್ಟಲು' ಎಂಬ ಕಂಪನಿಯವನು. ಹೆಸರು ನೋಡಿ, ಹೆಸರು! "ನಿಮ್ಮ ಕಲೆ ದೇಶಕ್ಕೆಲ್ಲ ಗೊತ್ತಾಗ್ಬೇಕು ಆಂಟಿ," ಎಂದು ಹೇಳಿ ಸ್ಯಾಂಪಲ್ಲಿಗೆ ಹನ್ನೆರಡು ಬಟ್ಟಲು ಕೆತ್ತಿಸಿಕೊಂಡ. ಅವಕ್ಕೆ ಮನೆಯೂ ಇಲ್ಲ, ಹೆಣ್ಣೂ ಇಲ್ಲ, ತಾಯಿಯೂ ಇಲ್ಲ. ಆದರೂ ಕೈ ರೂಢಿ ಬಿಡಲಿಲ್ಲ, ಹನ್ನೆರಡರಲ್ಲೂ ಒಂದೊಂದು ಎಸಳನ್ನು ಖಾಲಿ ಬಿಟ್ಟೇ ಕೊಟ್ಟಳು. ಓದದೆ ಕಾಗದಕ್ಕೆ ಸಹಿಯನ್ನೂ ಹಾಕಿದಳು. ಅವಳು ಮಾಡಿದ ತಪ್ಪು ಅಷ್ಟೇ.

ಅವನು ಹನ್ನೊಂದನ್ನು ಪಕ್ಕಕ್ಕೆ ತಳ್ಳಿ ಒಂದು ತಾವರೆಯನ್ನು ಆರಿಸಿಕೊಂಡ. ಹುಚ್ಚೆಳ್ಳಿನ ಹೂವು ಅಂದರೇನು ಎಂದು ಪೇಟೆಯವರಿಗೆ ಗೊತ್ತಿಲ್ಲವಂತೆ, ಫೋಟೋದಲ್ಲೂ ಚೆನ್ನಾಗಿ ಬರುವುದಿಲ್ಲವಂತೆ. ಆಮೇಲೆ ಮಿಷನ್ನು ಅದೇ ತಾವರೆಯನ್ನು ಸಾವಿರಗಟ್ಟಲೆ ಬಟ್ಟಲುಗಳ ಮೇಲೆ ಕೆತ್ತಿತು, ಖಾಲಿ ಎಸಳಿನ ಸಮೇತ. ಅದು ಯಾಕೆ ಖಾಲಿ ಎಂದು ಕೇಳುವ ಬುದ್ಧಿ ಮಿಷನ್ನಿಗಂತೂ ಇಲ್ಲ, ಆ ಸಿದ್ದಾರ್ಥನಿಗಾದರೂ ಬೇಡವೇ? ಪೆಟ್ಟಿಗೆಯ ಮೇಲೆ 'ಕೈಕೆತ್ತನೆ' ಎಂದು ಬರೆದು ಮಂಗಳಾಳ ಫೋಟೋ ಹಾಕಿದರು.

ಇಷ್ಟನ್ನೂ ಅವಳು ನುಂಗಿಕೊಂಡಳು. ನುಂಗಲಾಗದ್ದು ಈ ಬೇಸಿಗೆಯಲ್ಲಿ ಬಂದ ನೋಟಿಸು. ಖಾಲಿ ಎಸಳು ಇನ್ನು ಮೇಲೆ ಕಂಪನಿಯ ಗುರುತಂತೆ. ಬೇರೆ ಯಾರೂ, ಮಂಗಳಾ ಕೂಡ, ಹಾಗೆ ಬಿಟ್ಟು ಮಾರುವಂತಿಲ್ಲವಂತೆ. ಅವಳು ಕೂಡಲೇ ಸಿದ್ದಾರ್ಥನಿಗೆ ಫೋನ್ ಮಾಡಿದಳು.

"ಏನಪ್ಪಾ, ಅದು ನಿಮ್ದು ಹೆಂಗಾಯ್ತು? ಅದು ನಂದೂ ಅಲ್ಲ ಕಣಪ್ಪ. ಹೆತ್ತವಳದು!"

"ಎಸಳು ಪೂರ್ತಿ ಕೆತ್ತಿ ಮಾರ್ಕೊಳ್ಳಿ ಆಂಟಿ. ನಮ್ದೇನೂ ತಕರಾರಿಲ್ಲ," ಎಂದ ಅವನು, ದೊಡ್ಡ ಉಪಕಾರ ಮಾಡಿದವನ ಹಾಗೆ.

ಮಂಗಳಾಳ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಪಕ್ಕದ ಮನೆಯ ಚೈತ್ರಳ ಮದುವೆಗೆ ಹುಚ್ಚೆಳ್ಳಿನ ಹೂವಿನ ಬಟ್ಟಲು ಕೆತ್ತಿದಳು, ಎಸಳು ಖಾಲಿ ಬಿಟ್ಟೇ. ಯಾವನು ಬರುತ್ತಾನೋ ಬರಲಿ ಎಂದುಕೊಂಡಳು. ಮಡಿಲು ತುಂಬುವ ಹೊತ್ತಿಗೆ ಚೈತ್ರಳ ತಾಯಿಯಾದ ಸಿದ್ದಮ್ಮನ ಮುಂದೆ ಬಟ್ಟಲು, ಚಾಕು ಎರಡನ್ನೂ ಇಟ್ಟಳು.

ಸಿದ್ದಮ್ಮ ಚಾಕು ಮುಟ್ಟಲಿಲ್ಲ. ಬಟ್ಟಲನ್ನು ತಿರುಗಿಸಿ ನೋಡಿ ಹಿಗ್ಗಿಹೋದಳು.

"ಅಯ್ಯೋ, ನಿನ್ ಫೋಟೋ ಹಾಕವ್ರಲ್ಲ, ಆ ಕಂಪ್ನಿದೇ ತಂದಿದ್ದೀಯಲ್ಲ ಮಂಗಳಕ್ಕ! ಹೂವ ಬ್ಯಾರೆ ಆದ್ರೇನು, ಕೆತ್ತಾದೇನೂ ಬ್ಯಾಡ ಬುಡು. ಎಸಳು ಖಾಲಿ ಇದ್ರೇ ತಾನೆ ಒರಿಜಿನಲ್ಲು ಅಂತ ಬೀಗ್ರಿಗೆ ಗೊತ್ತಾಗಾದು?"

"ನಿನ್ ಮದುವೇಲಿ ನಿಮ್ಮವ್ವ ಕೈಯಾರೆ ಕೆತ್ತಿದ್ದು ಮರ್ತೋಯ್ತೇನೇ?" ಮಂಗಳಾಳ ದನಿಗೆ ಚಪ್ಪರದಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಅದು ಆಗ ಕಣಕ್ಕ. ಆಗ ಇದಕ್ಕೆ ಬೆಲೆ ಎಲ್ಲಿತ್ತು?" ಎನ್ನುತ್ತ ಸಿದ್ದಮ್ಮ ಅಕ್ಕಿಯ ಜೊತೆ ಬಟ್ಟಲನ್ನು ಮಗಳ ಮಡಿಲಿಗೆ ಹಾಕಿದಳು. ಎಸಳು ಖಾಲಿಯೇ ಉಳಿಯಿತು. ತಾಯಿಯಿಲ್ಲದ ಮಂಗಳಾಳ ಬಟ್ಟಲಿನಲ್ಲೂ ಅದು ಖಾಲಿ ಉಳಿದಿರಲಿಲ್ಲ.