ಗುಡ್ಡದಲ್ಲಿ ಮಳೆ, ಹಳ್ಳದಲ್ಲಿ ಅಕ್ಕ

ನಾನು ಚಿಕ್ಕವಳಿದ್ದಾಗ ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ, ಮಕ್ಕಳೇ. ಬೇಸಿಗೆಯ ಕೊನೆಯಲ್ಲಂತೂ ಮನೆಯಲ್ಲಿ ಯಾರ ಮನಸ್ಸೂ ನಿಲ್ಲುತ್ತಿರಲಿಲ್ಲ. ಅದು ನಮ್ಮ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲ, ತುಂಗಭದ್ರೆಗೆ ಅಣೆಕಟ್ಟು ಬಂದಿರಲಿಲ್ಲ. ಮಲಪನಗುಡಿಯ ಹತ್ತಿರ ನಮ್ಮ ಹೊಲ, ಹೊಲದ ಪಕ್ಕದಲ್ಲೇ ಹಳ್ಳ. ಅದು ಸಂಡೂರಿನ ಕೆಂಪು ಗುಡ್ಡಗಳಲ್ಲಿ ಹುಟ್ಟಿ, ದಾರಿಯಲ್ಲಿ ಸಿಕ್ಕ ಕೊರಕಲುಗಳ ನೀರನ್ನೆಲ್ಲ ಕೂಡಿಸಿಕೊಂಡು ಹೊಳೆಯ ಕಡೆಗೆ ಓಡುತ್ತಿತ್ತು. ಬೇಸಿಗೆಯಲ್ಲಿ ಮಾತ್ರ ಬರೀ ಮರಳು.

ಆ ಮರಳಿನಲ್ಲಿ ಮನೆಗೊಂದರಂತೆ ಗುಂಡಿ ತೋಡುತ್ತಿದ್ದರು. ಅದಕ್ಕೆ ಒರತೆ ಎನ್ನುತ್ತಿದ್ದೆವು. ತಳದಲ್ಲಿ ಸಣ್ಣಗೆ ಜಿನುಗುವ ನೀರನ್ನು ತೆಂಗಿನ ಚಿಪ್ಪಿನಲ್ಲಿ ಬಳಿದು ಬಿಂದಿಗೆ ತುಂಬಬೇಕು. ಕುರಿ ಇಳಿಯದಂತೆ ಮೇಲೆ ಜಾಲಿಮುಳ್ಳು ಮುಚ್ಚಿಡಬೇಕು. ಒಂದು ವರ್ಷ ನಮ್ಮ ಒರತೆ ಅಕ್ಕನ ಎದೆಮಟ್ಟಕ್ಕೆ ಇಳಿದಿತ್ತು. ಒಳಗೆ ಕೂತರೆ ನೆತ್ತಿಯ ಮೇಲಿನ ಆಕಾಶ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಅಕ್ಕ ಒರತೆಯಲ್ಲಿದ್ದಳು. ಅಪ್ಪ ದಂಡೆಯ ಮೇಲೆ ಕುಂಟೆ ಸರಿಮಾಡುತ್ತ ಕೂತಿದ್ದರು. ನನಗೆ ಯಾಕೋ ಕೂರಲಾಗಲಿಲ್ಲ. ನಮ್ಮ ಮೇಲೆ ಸುಡುವ ಬಿಸಿಲು, ದೂರದ ಗುಡ್ಡ ಮಾತ್ರ ಕಾಡಿಗೆ ಬಳಿದ ಹಾಗೆ ಕಪ್ಪಾಗಿತ್ತು. ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಹಸಿ ಮಣ್ಣಿನ ವಾಸನೆ ಹೊತ್ತು ತಂದಿತು. ಮರಳಿನಲ್ಲಿ ಮೊಟ್ಟೆಯಿಟ್ಟಿದ್ದ ಟಿಟ್ಟಿಭ ಹಕ್ಕಿಗಳು ಕಿರುಚುತ್ತ ಮೇಲೆದ್ದವು. ಅಪ್ಪ ತಲೆಯೆತ್ತಿ ಗುಡ್ಡ ನೋಡಿದರು.

"ಲೇ, ಹಳ್ಳ ಬರಾಕ ಹತ್ತೈತಿ! ಮ್ಯಾಲ ಬಾ, ಜಲ್ದಿ!"

ಅಕ್ಕ ತಲೆ ಹೊರಗೆ ಹಾಕಿದಳು. "ಮಳಿ ಎಲ್ಲೈತಪ್ಪಾ? ಬಿಂದಿಗಿ ಇನ್ನ ಅರ್ಧ ಆಗೇತಿ, ತಡಿ" ಎಂದು ಮತ್ತೆ ಕೂತಳು. ಬೆಳಗಿನಿಂದ ಬಳಿದ ನೀರು. ಅದನ್ನು ಬಿಟ್ಟು ಬರಲು ಅವಳಿಗೆ ಮನಸ್ಸಾಗಲಿಲ್ಲ.

ಅಪ್ಪ ಓಡಿದರು. ಅಷ್ಟರಲ್ಲಿ ತಿರುವಿನಲ್ಲಿ ಕೆಂಪು ನೀರು ಕಾಣಿಸಿತು. ನೊರೆ, ಒಣ ಎಲೆ, ಮುಳ್ಳುಕಂಟಿ ಎಲ್ಲವನ್ನೂ ಮುಂದೆ ತಳ್ಳಿಕೊಂಡು ಬರುತ್ತಿತ್ತು. ಅಪ್ಪ ಅಕ್ಕನ ತೋಳು ಹಿಡಿದು ಎಳೆದರು, ಅವಳು ಬಿಂದಿಗೆ ಹಿಡಿದು ಎಳೆದಳು. ಬಿಂದಿಗೆ ಕೈ ಜಾರಿತು. ಇಬ್ಬರೂ ದಂಡೆ ಹತ್ತುವಾಗ ನೀರು ಅಪ್ಪನ ಮೊಣಕಾಲು ಮುಟ್ಟಿತ್ತು. ನೋಡುನೋಡುತ್ತ ನಮ್ಮ ಒರತೆ ಎಲ್ಲಿತ್ತೆಂಬುದೇ ತಿಳಿಯದಂತಾಯಿತು.

"ಇಷ್ಟು ನೀರು ಬಂದೈತಿ, ಕುಡಿಯಾಕ ಒಂದು ಗುಟುಕಿಲ್ಲ" ಎಂದು ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು.

"ಬಿಂದಿಗಿ ಹೋದ್ರ ಹೋಗಲಿ. ನೀ ಸಿಕ್ಕಿಯಲ್ಲ, ಸಾಕು" ಎಂದರು ಅಪ್ಪ. ಅವರ ಬೆರಳಿನ ಗುರುತು ಅಕ್ಕನ ತೋಳಿನಲ್ಲಿ ಬಹಳ ದಿನ ಕಂದಿಕೊಂಡಿತ್ತು.

ನಿಮಗೆ ಮನೆಯಲ್ಲೇ ನಲ್ಲಿಯಿದೆ. ತಿರುಗಿಸಿ ಬಿಟ್ಟು ಆಟಕ್ಕೆ ಓಡುತ್ತೀರಿ, ಬಕೆಟ್ಟು ತುಂಬಿ ಅಂಗಳಕ್ಕೆ ಹರಿದಾಗ ಬೈಯಲು ನಾನೇ ಬರಬೇಕು. ಅದೇ ಹಳ್ಳಕ್ಕೆ ಈಗ ಸೇತುವೆಯಾಗಿದೆ. ಕೆಂಪು ನೀರು ಬಂದಾಗ ನೀವು ಕಂಬಿಯ ಮೇಲೆ ಬಗ್ಗಿ ಕೇಕೆ ಹಾಕುತ್ತೀರಿ. ನಾನು ಬಂದು ನಿಮ್ಮ ತೋಳು ಹಿಡಿದುಕೊಳ್ಳುತ್ತೇನೆ. "ಅಜ್ಜಿ, ನೋಯ್ತೈತಿ, ಬಿಡು" ಎಂದು ಕೊಸರಾಡುತ್ತೀರಿ. ನೋಯಲಿ. ನಾನು ಬಿಡುವುದಿಲ್ಲ.