ಅತ್ತೆ ಊದಿದ ಬಟ್ಟಲು

ಬೆಳಿಗ್ಗೆ ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದೆ. ಮಗಳ ಟ್ಯಾಬ್ಲೆಟ್ ಚಾರ್ಜ್‌ಗೆ ಇಟ್ಟೆ. ಎರಡು ಲೋಡ್ ಬಟ್ಟೆ ಮಡಿಸಿದೆ. ಫ್ಯಾಕ್ಟೋರಿಯಾದ ಅಂಗಡಿಗೆ ಹೋಗಿ ಮೊಸರು, ಕೊತ್ತಂಬರಿ ತಂದೆ. ಮೂರು ಗಂಟೆಗೆ ಅತ್ತೆಗೆ ನನ್ನ ದಪ್ಪ ಸ್ವೆಟರ್ ತೊಡಿಸಿ, ನಾನು ಗಾಜು ಊದಲು ಕಲಿಯುತ್ತಿದ್ದ ಕ್ಲಾಸಿಗೆ ಕರೆದುಕೊಂಡು ಹೊರಟೆ.

ಅತ್ತೆ ಮೈಸೂರಿನಿಂದ ಅಮೆರಿಕಕ್ಕೆ ಬರುವಾಗ ಸೀರೆಗಳ ನಡುವೆ ಸುತ್ತಿ ತಂದಿದ್ದ, ದೇವರಿಗೆ ಹೂವಿಡುವ ಗಾಜಿನ ಬಟ್ಟಲನ್ನು ಹಿಂದಿನ ತಿಂಗಳು ತೊಳೆಯುವಾಗ ನಾನೇ ಒಡೆದಿದ್ದೆ. ಅವರು ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಅಂಥದ್ದೇ ಒಂದು ಮಾಡಿಕೊಡುತ್ತೇನೆ ಎಂದಾಗ ಮಾತ್ರ, "ಬಾಯಲ್ಲಿ ಊದಿದ್ದು ಎಂಜಲಲ್ವೇನೇ? ದೇವರ ಮುಂದೆ ಹೆಂಗಿಡೋದು?" ಎಂದಿದ್ದರು. ಅಂದಿನಿಂದ ಹೂಗಳು ಸ್ಟೀಲ್ ಲೋಟದಲ್ಲಿ ಕೂತಿದ್ದವು.

ಒಳಗೆ ಕುಲುಮೆಯ ಬೆಳಕು ಗೋಡೆಯ ಮೇಲೆ ನೀರಿನಂತೆ ಅಲೆಯುತ್ತಿತ್ತು. ಉದ್ದ ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜನ್ನು ಜೇನಿನಂತೆ ಸುತ್ತಿ ತೆಗೆದು, ಮೊದಲ ಗುಳ್ಳೆಯನ್ನು ನಾನೇ ಊದಿದೆ. ಆಮೇಲೆ ಬೆಂಚಿನಲ್ಲಿ ಕೂತು ಕೊಳವೆಯನ್ನು ಉರುಳಿಸುತ್ತಲೇ ಇರಬೇಕು. ನಿಲ್ಲಿಸಿದರೆ ಗಾಜು ಜೋತುಬೀಳುತ್ತದೆ. ಮಡಿಸಿದ ಒದ್ದೆ ಕಾಗದ ಹಿಡಿದು ನಾನು ಗಾಜನ್ನು ದುಂಡಗೆ ಮಾಡುವಾಗ ಇನ್ನೊಬ್ಬರು ಊದಬೇಕು. ನನ್ನ ಜೊತೆಗಾರ್ತಿ ಅಂದು ಬಂದಿರಲಿಲ್ಲ. ಕಲಿಸುವಾಕೆ ದೂರದಲ್ಲಿ ಬೇರೆಯವರಿಗೆ ನೆರವಾಗುತ್ತಿದ್ದಳು. ಗಾಜಿನ ಕೆಂಪು ಆರತೊಡಗಿತ್ತು.

"ಅತ್ತೆ, ಸ್ವಲ್ಪ ಊದ್ತೀರಾ?"

"ನೀನು ಬಾಯಿ ಇಟ್ಟಿದ್ದಕ್ಕಾ?"

"ಒರೆಸ್ಕೊಳ್ಳಿ. ಬೇಗ, ಗಟ್ಟಿಯಾಗೋಗುತ್ತೆ."

ಅತ್ತೆ ಸೆರಗಿನಿಂದ ಕೊಳವೆ ಒರೆಸಿ, ಬಗ್ಗಿ ಊದಿದರು. ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತವರ ಉಸಿರು ಅದು: ಬೂದಿ ಹಾರಬಾರದು, ಕೆಂಡವಷ್ಟೇ ಏಳಬೇಕು. ನನ್ನ ಕೈಯಡಿಯಲ್ಲಿ ಗಾಜು ಮಲಗಿದ ಮಗುವಿನ ಹೊಟ್ಟೆಯಂತೆ ಮೆಲ್ಲಗೆ ಉಬ್ಬಿತು.

ಅಷ್ಟರಲ್ಲಿ ಬಂದ ಕಲಿಸುವಾಕೆ ಹುಬ್ಬೇರಿಸಿ ಇಂಗ್ಲಿಷಿನಲ್ಲಿ ಕೇಳಿದಳು.

"ಎಲ್ಲಿ ಕಲಿತ್ರಿ ಅಂತ ಕೇಳ್ತಿದಾಳೆ, ಅತ್ತೆ."

"ಮೂವತ್ತು ವರ್ಷ ಒಲೆ ಹೊಗೆ ಕುಡಿದು ಅಂತ ಹೇಳು."

ಅವಳ ನೆರವಿನಿಂದ ಬಟ್ಟಲಿನ ಬಾಯಿ ಅಗಲಿಸಿ, ಅದನ್ನು ಇನ್ನೊಂದು ಒಲೆಯೊಳಗಿಟ್ಟೆವು. ಬೆಳಗಿನ ತನಕ ಅದು ನಿಧಾನವಾಗಿ ಆರಬೇಕು, ಇಲ್ಲದಿದ್ದರೆ ಬಿರಿಯುತ್ತದೆ.

ಮನೆಗೆ ಮರಳುವಾಗ ಸ್ನೊಕ್ವಾಲ್ಮಿಯ ಏರುರಸ್ತೆಯಲ್ಲಿ ಮಂಜು ಇಳಿದಿತ್ತು. ಅತ್ತೆ, "ಶಂಖಾನೂ ಬಾಯಲ್ಲೇ ಊದೋದು, ಅಲ್ವೇನೇ?" ಎಂದರು.

"ಹೌದತ್ತೆ." ಆ ಮಾತು ನನಗೇಕೆ ಹೊಳೆದಿರಲಿಲ್ಲವೋ.

ಮನೆಗೆ ಬಂದವರೇ ಕೈಕಾಲು ತೊಳೆದು, ದೇವರ ಮುಂದಿನ ಸ್ಟೀಲ್ ಲೋಟವನ್ನು ಅಡುಗೆಮನೆಗೆ ತಂದಿಟ್ಟರು. ಅದಿದ್ದ ಜಾಗವನ್ನು ಒರೆಸಿ ಖಾಲಿ ಬಿಟ್ಟರು.

ರಾತ್ರಿ ಅನ್ನ, ಬೇಳೆಸಾರು, ಮಧ್ಯಾಹ್ನದ ಹುರುಳಿಕಾಯಿ ಪಲ್ಯ. ಅತ್ತೆ ಮಜ್ಜಿಗೆ ಎರಡು ಸಲ ಹಾಕಿಸಿಕೊಂಡರು. ಎಲ್ಲರಿಗಿಂತ ಮೊದಲು ಮಲಗಿದವರೂ ಅವರೇ, ಸೋಫಾದ ಮೇಲೆ, ಸ್ವೆಟರ್ ಸಹ ಬಿಚ್ಚದೆ.